ಅತ್ತೆಯ ದನಿಯ ಅಳತೆ

ಹೋದ ವರ್ಷದ ಅವರೆಕಾಯಿ ಕಾಲದಿಂದ ಕಾರ್ತೀಕದವರೆಗೆ, ನಮ್ಮ ಆಫೀಸಿನ ಮೀಟಿಂಗಿನಲ್ಲಿ ನನ್ನ ಬದಲು ನಮ್ಮ ಅತ್ತೆ ಮಾತಾಡಿದರು. ಕೆಲಸ ನನ್ನದು, ದನಿ ಅವರದು. ಹೀಗೆ ಹೇಳಿದರೆ ಯಾರೂ ನಂಬುವುದಿಲ್ಲ. ಅದಕ್ಕೇ ಮೊದಲಿನಿಂದ ಬರೆಯುತ್ತೇನೆ. ಅತ್ತೆ ಕಾರ್ತೀಕದಲ್ಲಿ ತೀರಿಕೊಂಡರು. ಬಾಯಲ್ಲಿ ಹೇಳಲಾರದ್ದನ್ನು ಬರೆದಾದರೂ ಇಡು ಎಂದು ನಮ್ಮ ಮನೆಯವರು ಹೊಸೂರಿನಿಂದ ಒಂದು ದಪ್ಪ ನೋಟ್‌ಬುಕ್ ತಂದುಕೊಟ್ಟಿದ್ದಾರೆ. ನಾನು ಹತ್ತರವರೆಗೆ ಕನ್ನಡ ಮೀಡಿಯಂ, ಆಮೇಲೆ ಎರಡು ವರ್ಷ ತಮಿಳು. ತಪ್ಪಿದ್ದರೆ ತಿದ್ದಿಕೊಂಡು ಓದಿ.

ನಮ್ಮ ಮನೆ ತಮಿಳುನಾಡಿನ ಗಡಿಯೊಳಗೆ, ಹೊಸೂರಿನ ಹತ್ತಿರ, ಕೆಲಮಂಗಲದ ರಸ್ತೆಯಲ್ಲಿದೆ. ಸುತ್ತಮುತ್ತ ಸಣ್ಣ ರೈತರು ಪಾಲಿಹೌಸ್ ಹಾಕಿ ಗುಲಾಬಿ ಬೆಳೆಯುತ್ತಾರೆ. ಆ ಹೂವನ್ನು ಒಟ್ಟು ಮಾಡಿ ಪೇಟೆಗಳಿಗೆ ಕಳಿಸುವ ಒಂದು ಕಂಪನಿಯಲ್ಲಿ ನನಗೆ ಕೆಲಸ. ಬೆಳಗ್ಗೆ ನನ್ನ ಪಾಲಿನ ಹದಿನೆಂಟು ತೋಟಗಳಿಗೆ ಫೋನ್ ಮಾಡಿ, ಯಾವ ಬಣ್ಣ ಎಷ್ಟು ಕಟ್ಟು, ಕಾಂಡ ಎಷ್ಟು ಉದ್ದ ಎಂದು ಕೇಳಿ ಬರೆದುಕೊಳ್ಳಬೇಕು. ಎಂಟೂವರೆಗೆ ಆನ್‌ಲೈನ್ ಮೀಟಿಂಗ್. ಅದರಲ್ಲಿ ನಾವು ಏಳು ಜನ ಒಬ್ಬರಾದ ಮೇಲೆ ಒಬ್ಬರು ನಮ್ಮ ನಮ್ಮ ಹೂವಿನ ಲೆಕ್ಕ ಓದಬೇಕು. ಕೊರೊನಾ ಸಮಯದಲ್ಲಿ ಮನೆಗೆ ಬಂದ ಕೆಲಸ ಮನೆಯಲ್ಲೇ ಉಳಿಯಿತು.

ಈ ಕೆಲಸಕ್ಕೆ ಬೇಕಾದ್ದು ಎರಡೇ, ಲೆಕ್ಕ ಮತ್ತು ದನಿ. ಲೆಕ್ಕ ನನಗೆ ಬರುತ್ತದೆ. ದನಿ ಇಲ್ಲ. ಅಂಗಡಿಯಲ್ಲಿ ನಾನು ಸಾಸಿವೆ ಕೇಳಿ ನಿಂತರೆ ನನ್ನ ಹಿಂದೆ ಬಂದ ಮೂವರು ಸಾಮಾನು ಕಟ್ಟಿಸಿಕೊಂಡು ಹೋಗಿರುತ್ತಾರೆ. ಬಸ್ಸಿನಲ್ಲಿ ನನ್ನ ಸ್ಟಾಪು ಬಂತೆಂದು ಕೂಗಲಾರದೆ ಮುಂದಿನ ಊರಲ್ಲಿಳಿದು ನಡೆದುಬಂದಿದ್ದೇನೆ. ಮದುವೆಯ ಮಾತಿಗೆ ಬಂದಾಗ ಅತ್ತೆ ನಮ್ಮಮ್ಮನನ್ನು ಪಕ್ಕಕ್ಕೆ ಕರೆದು ಕೇಳಿದ್ದರಂತೆ, "ಹುಡ್ಗಿಗೆ ಮಾತು ಬತ್ತದೋ ಇಲ್ವೋ? ಬರ್ದಿದ್ರೂ ಪರ್ವಾಗಿಲ್ಲ, ನಾನಿದ್ದೀನಿ. ಈಗ್ಲೇ ಹೇಳ್ಬುಡಿ."

ಅವರಿದ್ದರು, ನಿಜ. ಮನೆ ಜಗುಲಿಯಲ್ಲಿ ನಿಂತು, ಹೊಲದ ಆಚೆ ಬದಿಯಲ್ಲಿದ್ದ ಮಗನನ್ನು ಊಟಕ್ಕೆ ಕರೆಯುವ ದನಿ ಅವರದು. ಅಂಗಡಿಯಲ್ಲಿ ನನ್ನ ಬೆನ್ನ ಹಿಂದಿನಿಂದ, "ಲೋ, ನನ್ ಸೊಸೆ ಆಗ್ಲಿಂದ ಸಾಸ್ವೆ ಕೇಳ್ತಾವ್ಳೆ, ಕಿವಿಗೇನ್ಲಾ ಬಂದದೆ ನಿಂಗೆ?" ಎನ್ನುತ್ತಿದ್ದವರು ಅವರೇ. ಹದಿನಾರು ವರ್ಷ ಈ ಮನೆಯಲ್ಲಿ ನಾನು ಬೇಕಾದಷ್ಟೇ ಮಾತಾಡಿ ಸುಖವಾಗಿದ್ದೆ.

ತೊಂದರೆ ಬಂದದ್ದು ಮೀಟಿಂಗಿನಿಂದ. ಬೆಳಗ್ಗೆ ಎಂಟೂವರೆ ಎಂದರೆ ನಮ್ಮ ಮನೆಯಲ್ಲಿ ಮಿಕ್ಸಿ, ಕುಕ್ಕರ್, ಹಿತ್ತಲಲ್ಲಿ ಹಸು, ಆಚೆ ಕಡೆ ಬೋರ್‌ವೆಲ್ ಮೋಟರು, ರಸ್ತೆಯಲ್ಲಿ ಬಸ್ಸಿನ ಹಾರನ್, ಇವೆಲ್ಲದರ ಮೇಲೆ ಅತ್ತೆ. ನಮ್ಮ ಮೇಡಂ ಕೃಷ್ಣಗಿರಿ ಕಡೆಯವರು, ಮನೆಮಾತು ತಮಿಳು, ಹೊಸೂರಿನಲ್ಲಿ ಬಹಳ ವರ್ಷ ಇದ್ದು ಕನ್ನಡವನ್ನೂ ಚೆನ್ನಾಗಿ ಆಡುತ್ತಾರೆ. ಒಂದು ದಿನ ಅವರು ತಲೆ ಹಿಡಿದುಕೊಂಡು, "ಎನ್ನಮ್ಮಾ, ಬಸ್ ಸ್ಟ್ಯಾಂಡಲ್ಲಿ ಕೂತಿದ್ದೀರಾ? ನಿಮ್ಮ ಹಸು ಲೆಕ್ಕ ಹೇಳೋದು ಕೇಳುತ್ತೆ, ನೀವು ಹೇಳೋದು ಕೇಳಲ್ಲ," ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಅದೂ ಯಾರಿಗೂ ಕೇಳಿಸಿರಲಾರದು.

ಮಾರನೆಯ ದಿನ ಆಫೀಸಿನಲ್ಲಿ ಕಂಪ್ಯೂಟರ್ ನೋಡಿಕೊಳ್ಳುವವರು ಫೋನ್ ಮಾಡಿದರು. ಅವರು ನಿವೃತ್ತಿಗೆ ಹತ್ತಿರವಾದ ತೆಲುಗಿನವರು, ತುಂಬ ತಾಳ್ಮೆಯವರು. ಹಿಂದಿನ ಸದ್ದನ್ನೆಲ್ಲ ಕತ್ತರಿಸಿ ಹಾಕುವ ಒಂದು ಸಾಫ್ಟ್‌ವೇರ್ ಕಳಿಸಿದ್ದೇನೆ, ಅದಕ್ಕೆ ಒಂದು ನಿಮಿಷ ಮಾತಾಡಿ ದನಿ ಕೊಡಬೇಕು, ಆಮೇಲೆ ಅದು ಆ ದನಿಯನ್ನು ಮಾತ್ರ ಉಳಿಸಿ ಬೇರೆಯದನ್ನೆಲ್ಲ ತೆಗೆದುಬಿಡುತ್ತದೆ ಎಂದು ವಿವರಿಸಿದರು. ಫೋನ್ ಸ್ಪೀಕರಿನಲ್ಲಿತ್ತು. ಅತ್ತೆ ಪಕ್ಕದಲ್ಲೇ ಕೂತು, ನೆನೆಸಿದ ಅವರೆಕಾಳನ್ನು ಹಿತುಕುತ್ತಿದ್ದರು.

"ಒಂದೇ ದನಿ ಬರ್ಸ್ಕೊಳ್ಳೋದಾ ಅದು?" ಎಂದು ಕೇಳಿದರು.

"ಹೂಂ ಅತ್ತೆ, ಒಂದೇ."

"ಹಂಗಾದ್ರೆ ನಂದು ಬರ್ಸು."

"ಮೀಟಿಂಗು ನಂದಲ್ವಾ ಅತ್ತೆ?"

"ಮೀಟಿಂಗು ನಿಂದೇ ಕಣೇ, ಯಾರ್ ಇಲ್ಲಾ ಅಂದೋರು? ಮನೆ ಯಾರ್ದು? ಕರೆಂಟು ನನ್ನ ಹೆಸ್ರಲ್ಲಿ, ಗ್ಯಾಸು ನನ್ನ ಹೆಸ್ರಲ್ಲಿ, ರೇಷನ್ ಕಾರ್ಡಲ್ಲಿ ನನ್ನ ಫೋಟೋ. ನಾಳೆ ಯಾವನಾರ ಬಂದು ಈ ಮನೆ ದನಿ ಯಾರ್ದು ಅಂತ ಕೇಳುದ್ರೆ ಏನ್ ಹೇಳ್ತೀಯ? ನಿನ್ನ ದನಿ ನಿಂಗೇ ಕೇಳ್ಸಾಕಿಲ್ಲ."

ಈಗ ಬರೆಯುವಾಗ ನನಗೇ ನಗು ಬರುತ್ತದೆ. ಆಗ ಮಾತ್ರ ಇದು ಸರಿ ಎಂದೇ ಅನ್ನಿಸಿತು. ನಮ್ಮ ಕಡೆ ರೇಷನ್ ಕಾರ್ಡಿನಲ್ಲಿ ಮನೆಯ ಹಿರಿಯ ಹೆಂಗಸೇ ಯಜಮಾನಿ. ತಮಿಳಿನಲ್ಲಿ 'ಕುಟುಂಬ ತಲೈವಿ' ಎಂದು ಅಚ್ಚು ಹಾಕಿರುತ್ತಾರೆ. ಅತ್ತೆಗೆ ತಮಿಳು ಓದಲು ಬರದಿದ್ದರೂ ಆ ಎರಡು ಪದ ಎಲ್ಲಿವೆ ಎಂದು ಬೆರಳಿಟ್ಟು ತೋರಿಸುತ್ತಿದ್ದರು. ಮನೆಗೆ ಬಂದ ಪ್ರತಿಯೊಂದೂ ಅವರ ಹೆಸರಿಗೆ ಬರುತ್ತಿತ್ತು, ನಾವೆಲ್ಲ ಬಳಸುತ್ತಿದ್ದೆವು. ಅವರ ಹೆಸರಿನ ಗ್ಯಾಸಿನಲ್ಲಿ ನಾನು ಅಡುಗೆ ಮಾಡಿದರೆ ಒಲೆ ಉರಿಯುವುದಿಲ್ಲವೇ? ಹಾಗೇ ಇದೂ ಎಂದುಕೊಂಡೆ.

ಅತ್ತೆ ಕೈ ತೊಳೆದರು. ಮುಖ ತೊಳೆದರು. ಜಡೆ ಬಿಚ್ಚಿ ತುರುಬು ಕಟ್ಟಿದರು.

"ಫೋಟೋ ತೆಗೆಯಲ್ಲ ಅತ್ತೆ ಇದು."

"ಇರ್ಲಿ ಕಣೇ."

ಸೆರಗು ಸರಿಮಾಡಿಕೊಂಡು ಲ್ಯಾಪ್‌ಟಾಪಿನ ಮುಂದೆ ನಿಂತರು. ಏನು ಹೇಳಲಿ ಎಂದರು. ಏನಾದರೂ ಹೇಳಿ, ಒಂದು ನಿಮಿಷ ನಿಲ್ಲಿಸದೆ ಮಾತಾಡಿದರೆ ಸಾಕು ಎಂದೆ. ಅವರಿಗೆ ಅದೇನು ಕಷ್ಟ? ಕೈಯಲ್ಲಿದ್ದ ಕೆಲಸವನ್ನೇ ಹೇಳತೊಡಗಿದರು. ಹಿತುಕಿದ ಬೇಳೆ ಸಾರು. "ಮೊದ್ಲು ಕಾಯಿ ನೋಡಿ ತಗೋಬೇಕು, ಸೊಗಡು ಇರ್ಬೇಕು, ಮೂಸಿ ನೋಡ್ಬೇಕು. ಈಗಿನ್ ಹುಡ್ಗೀರು ಮೂಸೋದಿಲ್ಲ, ಮುಟ್ಟೋದೂ ಇಲ್ಲ. ಸುಲ್ದು ರಾತ್ರಿ ನೆನೆಹಾಕ್ಬೇಕು. ಬೆಳಗ್ಗೆ ಎದ್ದು ಹಿತುಕ್ಬೇಕು, ಒಂದೊಂದೇ ಕಾಳು, ಹಿಂಗೆ, ಎರಡು ಬೆರಳಲ್ಲಿ..." ಎಂದು ಕಂಪ್ಯೂಟರಿಗೆ ಬೆರಳು ಮಾಡಿ ತೋರಿಸುತ್ತಿದ್ದಾಗ ಟಿಂಗ್ ಎಂದು ಸದ್ದಾಯಿತು. ಒಂದು ನಿಮಿಷ ಮುಗಿದಿತ್ತು.

"ಅಯ್ಯೋ, ಇನ್ನಾ ಒಲೆನೇ ಹಚ್ಚಿಲ್ವಲ್ಲೇ!" ಎಂದರು ಅತ್ತೆ. "ಒಗ್ಗರಣೆ ಬ್ಯಾಡ್ವಾ ಇದ್ಕೆ?"

ಮಾರನೆಯ ಬೆಳಗ್ಗೆ ಮೀಟಿಂಗಿನಲ್ಲಿ ನನ್ನ ಸರದಿ ಬಂತು. ಕೆಂಪು ಅರವತ್ತು ಕಟ್ಟು, ಹಳದಿ ಹದಿನಾಲ್ಕು, ಎಂದು ಓದಿದೆ. ಮೇಡಂ ಕಾಯುತ್ತಿದ್ದರು. ಮತ್ತೆ ಓದಿದೆ. "ಇದ್ದೀರಾಮ್ಮಾ?" ಎಂದರು. ಗಂಟಲು ಸರಿಮಾಡಿಕೊಂಡು, ಜನ್ಮದಲ್ಲಿ ಎತ್ತದಷ್ಟು ದನಿ ಎತ್ತಿ ಮೂರನೇ ಸಲ ಓದಿದೆ. ಪರದೆಯ ಮೇಲಿನ ಮುಖಗಳೆಲ್ಲ ನನ್ನ ತುಟಿಗಳನ್ನು ನೋಡುತ್ತಿದ್ದವು. ಆಗ ಅಡುಗೆಮನೆಯಿಂದ, ಎರಡು ಗೋಡೆಗಳ ಆಚೆಯಿಂದ, ದೇವಸ್ಥಾನದ ಗಂಟೆಯ ಹಾಗೆ ಸ್ವಚ್ಛವಾಗಿ ಅತ್ತೆಯ ದನಿ ಮೀಟಿಂಗಿಗೆ ಬಂತು.

"ಅಯ್ಯೋ ನಿನ್ ಮನೆ ಹಾಳಾಗ, ಹಾಲ್ ಕುಡ್ದ್ಬುಡ್ತಲ್ಲೇ ಬೆಕ್ಕು!"

ಹಸು ಇಲ್ಲ, ಮಿಕ್ಸಿ ಇಲ್ಲ, ನಾನೂ ಇಲ್ಲ. ಅತ್ತೆ ಮತ್ತು ಅವರ ಬೆಕ್ಕಿನ ಸಮಾಚಾರ ಮಾತ್ರ. ಮೇಡಂ ನಗು ತಡೆಯಲಾರದೆ ಕ್ಯಾಮರಾ ಆಫ್ ಮಾಡಿಕೊಂಡರು.

ಕಂಪ್ಯೂಟರಿನವರು ಫೋನ್ ಮಾಡಿ ವಿಷಯ ಕೇಳಿದರು. ಹೇಳಿದೆ. ಇನ್ನೊಮ್ಮೆ ಹೇಳಿಸಿಕೊಂಡರು. ಆಮೇಲೆ, "ಪರ್ವಾಲೇದಮ್ಮಾ, ನಿಮ್ಮ ದನಿ ಮತ್ತೆ ಕೊಟ್ರೆ ಅವರದು ಹೋಗುತ್ತೆ, ನಿಮ್ಮದು ಬರುತ್ತೆ. ಒಂದೇ ಬಟನ್," ಎಂದರು.

ಆ ಬಟನ್ನನ್ನು ನಾನು ಒತ್ತಲಿಲ್ಲ. ಅವತ್ತು ಒತ್ತಲು ಹೊತ್ತು ಸಿಗಲಿಲ್ಲ. ಮಾರನೆಯ ದಿನ ಮೀಟಿಂಗಿಗೆ ಐದು ನಿಮಿಷ ಇರುವಾಗ ಅತ್ತೆಯನ್ನು ಪಕ್ಕದಲ್ಲಿ ಕೂರಿಸಿಕೊಂಡು, ಇವತ್ತೊಂದು ದಿನ ನೀವೇ ಹೇಳಿಬಿಡಿ ಎಂದು ಲೆಕ್ಕ ಹೇಳಿಕೊಟ್ಟೆ. ಅವರು ಬೆರಳ ಗೆಣ್ಣುಗಳ ಮೇಲೆ ಹಿಡಿದುಕೊಂಡರು. ಸರದಿ ಬಂದಾಗ ಮೊದಲು, "ಎಲ್ಲಾ ತಿಂಡಿ ತಿಂದ್ರಾ?" ಎಂದು ಕೇಳಿದರು. ಆಮೇಲೆ ಹದಿನೆಂಟು ತೋಟಗಳ ಲೆಕ್ಕವನ್ನು ಒಂದೂ ತಪ್ಪದೆ ಒಪ್ಪಿಸಿದರು. ಮೇಡಂ "ಸೂಪರ್ ಪಾಟಿ" ಎಂದರು. ಪಾಟಿ ಎಂದರೆ ಅಜ್ಜಿ. ಅವತ್ತಿನಿಂದ ಅದೇ ಹೆಸರಾಯಿತು.

ಆ ಒಂದು ದಿನ ಹತ್ತು ತಿಂಗಳಾಯಿತು. ಮೀಟಿಂಗಿನ ಕನ್ನಡ, ತಮಿಳು, ತೆಲುಗು ಮೂರಕ್ಕೂ ಅತ್ತೆ ತಯಾರಿದ್ದರು. ಬೆಳಗ್ಗೆ ಏನೂ ತಿನ್ನದೆ ಬರುವ ಅಭ್ಯಾಸವಿದ್ದ ಮೇಡಂ, ಪಾಟಿ ಕೇಳುತ್ತಾರೆಂಬ ಹೆದರಿಕೆಗೆ ಇಡ್ಲಿ ತಟ್ಟೆ ಹಿಡಿದೇ ಕೂರತೊಡಗಿದರು. ಬಾಗಲೂರಿನ ಕಡೆ ತೋಟಗಳನ್ನು ನೋಡಿಕೊಳ್ಳುವ ಹುಡುಗಿಗೆ ಕೆಮ್ಮಾದಾಗ ಕಷಾಯ ಹೇಳಿಕೊಟ್ಟರು. ಒಂದು ಸಲ, ಹೂವನ್ನು ತಣ್ಣಗಿಡುವ ಹೊಸೂರಿನ ಗೋಡೌನಿನವರಿಗೆ, "ನೀವ್ ಹೂವ ಇಡೋ ಕೋಣೆಲಿ ನಮ್ ಮಾತೇ ತಣ್ಣಗಾಯ್ತದೆ, ಅದ್ಕೇ ಉತ್ರ ಬರಾಕಿಲ್ಲ," ಎಂದು ಬೈದರು. ನಾನು ಬೇರೆ ಯಾರಿಗಾದರೂ ಏನಾದರೂ ಹೇಳಬೇಕಾದರೆ ಸಾಫ್ಟ್‌ವೇರನ್ನು ಒಂದು ಗಳಿಗೆ ಆಫ್ ಮಾಡಿ, ಹಸುವಿನ ಜೊತೆಗೂಡಿ ಹೇಳಿ, ಮತ್ತೆ ಆನ್ ಮಾಡುತ್ತಿದ್ದೆ.

ಬಟನ್ ಒಂದೇ ಎಂದು ನಾನು ಅತ್ತೆಗೆ ಹೇಳಿರಲೇ ಇಲ್ಲ. ಹೇಳಿದ್ದರೆ, "ಹಂಗಾದ್ರೆ ನಿಂದೇ ಬರ್ಸ್ಕೋ, ನಂಗೇನ್ ಬೇರೆ ಕೆಲ್ಸ ಇಲ್ವಾ?" ಎನ್ನುತ್ತಿದ್ದರು. ನನಗೆ ಅದೇ ಬೇಡವಾಗಿತ್ತು. ಅವರ ದನಿಯ ಹಿಂದೆ ಕೂತು ಕೆಲಸ ಮಾಡುವುದು, ಬಿಸಿಲಲ್ಲಿ ಯಾರದೋ ಕೊಡೆಯ ಕೆಳಗೆ ನಡೆದ ಹಾಗಿತ್ತು.

ಕಾರ್ತೀಕದ ಒಂದು ಮಧ್ಯಾಹ್ನ ಅತ್ತೆ ಹಸುವಿಗೆ ಹುಲ್ಲು ಹಾಕಿ ಬಂದು, ಎದೆ ಯಾಕೋ ಹಿಡ್ಕೊಂಡ ಹಾಗೈತೆ ಎಂದು ಜಗುಲಿಯಲ್ಲಿ ಕೂತರು. ಹೊಸೂರಿನ ಆಸ್ಪತ್ರೆಯಲ್ಲಿ ಮೂರು ದಿನ ಇದ್ದರು. ಎರಡನೇ ದಿನ ನನ್ನನ್ನು ಕರೆದು, "ಬೆಳಗ್ಗೆ ಲೆಕ್ಕ ಹೇಳುದ್ಯಾ?" ಎಂದು ಕೇಳಿದರು. ರಜ ಹಾಕಿದ್ದೀನಿ ಅತ್ತೆ ಎಂದೆ. "ಹೂವುಕ್ಕೆ ರಜ ಐತಾ?" ಎಂದರು. ಮೂರನೇ ದಿನ ಮಾತಿರಲಿಲ್ಲ.

ಮೂರನೆಯ ದಿನದ ಹಾಲುತುಪ್ಪ ಆಯಿತು, ಹನ್ನೊಂದನೆಯ ದಿನದ ಕಾರ್ಯವಾಯಿತು. ಮೇಡಂ ಬುಟ್ಟಿ ತುಂಬ ಕೆಂಪು ಗುಲಾಬಿ ಕಳಿಸಿದ್ದರು. ನಮ್ಮ ಕಡೆ ಸತ್ತವರಿಗೆ ಗುಲಾಬಿ ಹಾಕುವುದಿಲ್ಲವಲ್ಲ ಎಂದು ಒಬ್ಬಿಬ್ಬರು ಗೊಣಗಿದರು. ಹತ್ತು ತಿಂಗಳು ಅವರೇ ಲೆಕ್ಕ ಹೇಳಿದ ಹೂವು, ಬೇರೆಯವರದ್ದಲ್ಲ ಎಂದು ನಮ್ಮ ಮನೆಯವರು ಎಡೆಯ ಮುಂದೆ ಇಟ್ಟರು. ಅದಾದ ಮೇಲೆ ಕೆಲಮಂಗಲದ ಟೈಲರ್ ಅಂಗಡಿಯಿಂದ ಫೋನ್ ಬಂತು. ಅತ್ತೆ ಅಳತೆಗೆಂದು ಕೊಟ್ಟಿದ್ದ ಹಳೆಯ ರವಿಕೆ ಅಲ್ಲೇ ಉಳಿದಿತ್ತು. ಹೋಗಿ ತಂದು ಪೆಟ್ಟಿಗೆಯಲ್ಲಿಟ್ಟೆ.

ಕೆಲಸಕ್ಕೆ ಮರಳಿದ ದಿನ, ಅಭ್ಯಾಸ ನೋಡಿ, ಸಾಫ್ಟ್‌ವೇರ್ ಆನ್ ಮಾಡಿಯೇ ಕೂತೆ. ಲೆಕ್ಕ ಓದಿದೆ. ಯಾರಿಗೂ ಕೇಳಿಸಲಿಲ್ಲ. ಯಾರೂ "ಇದ್ದೀರಾ?" ಎಂದು ಕೇಳಲೂ ಇಲ್ಲ. ಏಕೆ ಕೇಳಿಸುತ್ತಿಲ್ಲ ಎಂಬುದು ಎಲ್ಲರಿಗೂ ಗೊತ್ತಿತ್ತು. ಅದು ಕಾಯುತ್ತಿದ್ದುದು ಬೇರೆಯವರಿಗೆ. ಆಫ್ ಮಾಡಿ ಮತ್ತೆ ಓದಿದೆ. ಆಫ್ ಮಾಡಿದರೂ ಈಗ ಏನೂ ತೊಂದರೆಯಿರಲಿಲ್ಲ. ನಮ್ಮ ಮನೆಯಲ್ಲಿ ತೆಗೆದುಹಾಕುವಂಥ ಸದ್ದು ಹೆಚ್ಚೇನೂ ಉಳಿದಿರಲಿಲ್ಲ. ಬೆಕ್ಕು ಹಾಲು ಕುಡಿದರೂ ಕೇಳುವವರಿರಲಿಲ್ಲ. ಅದಕ್ಕೂ ಬೇಜಾರಾಗಿ ಕುಡಿಯುವುದನ್ನೇ ಕಡಿಮೆ ಮಾಡಿತ್ತು.

ಹೀಗೇ ಎರಡು ತಿಂಗಳು ನಡೆಯಿತು. ಸಂಕ್ರಾಂತಿಯ ಹೊತ್ತಿಗೆ ಪಕ್ಕದ ಮನೆಯವರು ಮಹಡಿ ಎತ್ತತೊಡಗಿದರು. ಬೆಳಗ್ಗೆ ಎಂಟಕ್ಕೇ ಗ್ರಾನೈಟ್ ಕೊಯ್ಯುವ ಯಂತ್ರ ಶುರು. ಅದರ ಕಿರುಚಾಟದ ಮುಂದೆ ನಮ್ಮ ಹಸುವೇ ಬಾಯಿ ಮುಚ್ಚಿಕೊಂಡಿತು. ನನ್ನದಂತೂ ಕೇಳುವುದೇ ಬೇಡ. ನಾಲ್ಕು ದಿನ ನೋಡಿ ಮೇಡಂ ನನಗೊಬ್ಬಳಿಗೇ ಫೋನ್ ಮಾಡಿದರು.

"ಫೆಬ್ರವರಿ ಬರ್ತಾ ಇದೆಮ್ಮಾ, ಪ್ರೇಮಿಗಳ ದಿನದ ಆರ್ಡರ್ ಶುರುವಾಗುತ್ತೆ. ಹೂವಿನ ವರ್ಷವೆಲ್ಲ ಆ ಹತ್ತು ದಿನದಲ್ಲಿದೆ, ನಿಮಗೆ ಗೊತ್ತು. ನಿಮ್ಮ ಲೆಕ್ಕ ಕೇಳದಿದ್ರೆ ನಿಮ್ಮ ತೋಟಗಳನ್ನ ಬಾಗಲೂರಿನವಳಿಗೆ ಕೊಡಬೇಕಾಗುತ್ತೆ. ನನಗೆ ಇಷ್ಟ ಇಲ್ಲ. ಸೋಮವಾರದೊಳಗೆ ನಿಮ್ಮ ದನಿ ಹಾಕಿಬಿಡಿ." ಫೋನ್ ಇಡುವ ಮೊದಲು, "ಪಾಟಿದು ಹೋಗುತ್ತೆ ಅಂತ ನನಗೂ ಗೊತ್ತು," ಎಂದರು.

ಹದಿನೆಂಟು ತೋಟ ಹೋದರೆ ನನಗೆ ಕೆಲಸವೇ ಇಲ್ಲ. ಕಂಪ್ಯೂಟರಿನವರಿಗೆ ಫೋನ್ ಮಾಡಿ, ಅತ್ತೆಯ ದನಿಯನ್ನು ಬೇರೆ ಕಡೆ ಎತ್ತಿಟ್ಟುಕೊಳ್ಳಬಹುದಾ, ಆಮೇಲೆ ಯಾವಾಗಲಾದರೂ ಹಾಕಿ ಕೇಳಬಹುದಾ ಎಂದು ಕೇಳಿದೆ. ಮದುವೆ, ನಾಮಕರಣ ಎಂದು ಅತ್ತೆಯ ವಿಡಿಯೋಗಳು ಫೋನಿನಲ್ಲಿ ಬೇಕಾದಷ್ಟಿವೆ. ಆದರೂ ಅವರು ಜಡೆ ಬಿಚ್ಚಿ ತುರುಬು ಕಟ್ಟಿಕೊಂಡು, ತಾವೇ ನಿಂತು ಕೊಟ್ಟದ್ದು ಇದೊಂದೇ.

"ಅದರಲ್ಲಿ ದನಿ ಲೇದಮ್ಮಾ," ಎಂದರು ಅವರು, ಬಹಳ ಮೆಲ್ಲಗೆ. "ಹೇಳಿದ ಮಾತನ್ನ ಅದು ಇಟ್ಕೊಳ್ಳಲ್ಲ. ಅಳತೆ ತಗೊಂಡು ಬಿಟ್ಬಿಡುತ್ತೆ. ಎಷ್ಟು ದಪ್ಪ, ಎಷ್ಟು ಎತ್ತರ, ಅಷ್ಟೇ. ಟೈಲರ್ ಪುಸ್ತಕದಲ್ಲಿ ಬರ್ಕೊಂಡ ಹಾಗೆ."

ಪೆಟ್ಟಿಗೆಯಲ್ಲಿದ್ದ ರವಿಕೆ ನೆನಪಾಯಿತು. ಬಟನ್ ಮಾತ್ರ ಒತ್ತಲಾಗಲಿಲ್ಲ. ಸೋಮವಾರಕ್ಕೆ ಇನ್ನೂ ನಾಲ್ಕು ದಿನವಿತ್ತು.

ಅಷ್ಟರಲ್ಲಿ ಜವಳಗಿರಿಯಿಂದ ಚಿಕ್ಕತ್ತೆ ಬಂದರು. ಅತ್ತೆಯ ತಂಗಿ. ಸಾವಾದ ವರ್ಷ ನಮಗೆ ಹಬ್ಬವಿಲ್ಲ. ಹಬ್ಬವಿಲ್ಲದ ಮನೆಯಲ್ಲಿ ಜನ ಸಪ್ಪಗೆ ಕೂರಬಾರದೆಂದು, ಒಂದು ಚೀಲ ಅವರೆಕಾಯಿ ಹೊತ್ತು ಬಂದಿದ್ದರು. ಅವರದು ಕಾಡಂಚಿನ ಹೊಲ. ಆನೆ ಬಂದರೆ ತಗಡು ಬಡಿದು ಕೂಗಿ ಓಡಿಸುವುದು ಅವರ ಮನೆಯಲ್ಲಿ ಪಾತ್ರೆ ತೊಳೆದಷ್ಟು ಸಹಜ.

ಮಾರನೆಯ ಬೆಳಗ್ಗೆ ಮೀಟಿಂಗ್. ಪಕ್ಕದಲ್ಲಿ ಕಲ್ಲು ಕೊಯ್ಯುತ್ತಿದ್ದರು. ಅದನ್ನಾದರೂ ತಡೆಯುತ್ತದೇನೋ ಎಂದು ಸಾಫ್ಟ್‌ವೇರ್ ಆನ್ ಮಾಡಿ ನೋಡಿದೆ. ತಡೆಯಿತು. ಕಲ್ಲಿನ ಸದ್ದೂ ನಿಂತಿತು, ನನ್ನ ಸದ್ದೂ ನಿಂತಿತು. ಎಲ್ಲರೂ ನನ್ನನ್ನು ನೋಡುತ್ತಿದ್ದರು. ಆಫ್ ಮಾಡಬೇಕೆಂದು ಕೈ ಚಾಚಿದೆ. ಅಷ್ಟರಲ್ಲಿ ಅಡುಗೆಮನೆಯಿಂದ,

"ಉಪ್ಪಿನ್ ಡಬ್ಬ ಎಲ್ಲಿ ಮಡಗಿದ್ದೀಯಮ್ಮಾ?"

ಪರದೆಯ ಮೇಲೆ ಅಷ್ಟೂ ಮುಖಗಳು ನಿಂತಲ್ಲೇ ನಿಂತವು. ಬಾಗಲೂರಿನ ಹುಡುಗಿ ಬಾಯಿಗೆ ಕೈ ಇಟ್ಟುಕೊಂಡಳು. ಮೇಡಂ ಇಡ್ಲಿ ತಟ್ಟೆ ಕೆಳಗಿಟ್ಟು, ಪಿಸುದನಿಯಲ್ಲಿ "ಪಾಟಿ?" ಎಂದರು.

ನನಗೂ ಒಂದು ಗಳಿಗೆ ಹಾಗೇ ಆಯಿತು. ಹಿಂದೆ ತಿರುಗಿ ನೋಡಲು ಹೆದರಿಕೆ. ಆಮೇಲೆ ಚಿಕ್ಕತ್ತೆ ಸೌಟು ಹಿಡಿದು ಬಾಗಿಲಿಗೆ ಬಂದು, "ಏನೇ, ಕಿವುಡಿ ಆಗ್ಬುಟ್ಯಾ? ಉಪ್ಪು ಅಂದೆ," ಎಂದರು. ಅದೂ ಅಷ್ಟೇ ಸ್ವಚ್ಛವಾಗಿ ಮೀಟಿಂಗಿಗೆ ಹೋಯಿತು. ಅಕ್ಕತಂಗಿಯರ ಗಂಟಲು ಒಂದೇ ಅಳತೆ.

ವಿಷಯ ತಿಳಿದ ಮೇಲೆ ಚಿಕ್ಕತ್ತೆಗೆ ಸಿಟ್ಟೂ ಬಂತು, ಕಣ್ಣಲ್ಲಿ ನೀರೂ ಬಂತು. "ನನ್ನ ಅಕ್ಕ ಅನ್ಕೊಂಡ್ರಾ? ಅವ್ಳದ್ದು ಖಾಲಿ ಸೀಮೆಎಣ್ಣೆ ಡಬ್ಬ ಉರುಳ್ಸುದಂಗೆ. ನಂದು ಹಂಗೈತಾ? ಚಿಕ್ಕೋರಾಗಿದ್ದಾಗ ನನ್ ಬಳೆ ಎಲ್ಲಾ ಅವ್ಳೇ ಹಾಕ್ಕೊಂಡ್ಳು. ಈಗ ನನ್ ಗಂಟ್ಲೂ ಅವ್ಳ ಹೆಸ್ರಿಗೇ ಹೋಯ್ತಾ?" ಎಂದು ಸೆರಗಿನಲ್ಲಿ ಮೂಗು ಒರೆಸಿಕೊಂಡರು. ಆಮೇಲೆ ಬಂದು ಲ್ಯಾಪ್‌ಟಾಪಿನ ಮುಂದೆ ಕೂತು, "ಬುಡು, ನಾನಿರೋಗಂಟ ನಾನೇ ಹೇಳ್ತೀನಿ ನಿನ್ನ ಲೆಕ್ಕಾನ," ಎಂದರು.

ನಾನು ಒಪ್ಪಿಕೊಂಡೆ. ಅಳಿಸದೇ ಇರಲು ಒಂದು ದಾರಿ ಸಿಕ್ಕಿತಲ್ಲ ಎಂದು ಕುಣಿಯುವಷ್ಟು ಖುಷಿಯಾಯಿತು. ಚಿಕ್ಕತ್ತೆಯನ್ನು ಇಲ್ಲೇ ಇಟ್ಟುಕೊಂಡರೆ ಹೇಗೆ, ಅವರ ಹೊಲ ಯಾರು ನೋಡಿಕೊಳ್ಳಬಹುದು ಎಂಬಲ್ಲಿಯವರೆಗೂ ಯೋಚಿಸಿದೆ.

ಮಾರನೆಯ ದಿನ ಚಿಕ್ಕತ್ತೆ ಲೆಕ್ಕ ಹೇಳಿದರು. ದನಿ ಸರಿಯಾಗಿ ಹೋಯಿತು, ಲೆಕ್ಕ ಹೋಗಲಿಲ್ಲ. ನಲವತ್ತು ಕಟ್ಟು ಎಂದು ಚೀಟಿಯಲ್ಲಿ ಬರೆದುಕೊಟ್ಟರೂ, "ಒಂದು ನಲ್ವತ್ತೋ ಐವತ್ತೋ ಆಯ್ತದೆ, ಹೂವ ಅಲ್ವಾ, ಹಿಂಗೇ ಅಂತ ಹೇಳಾಕಾಯ್ತದಾ?" ಎಂದರು. ಹಳದಿ ಗುಲಾಬಿ ಯಾರು ಮುಡೀತಾರೆ, ಅದನ್ನ ಕಿತ್ತಾಕಿ ಸೇವಂತಿಗೆ ಹಾಕ್ಸಿ ಎಂದು ಮೇಡಂಗೆ ಸಲಹೆ ಕೊಟ್ಟರು. ಮೇಡಂ ನಗುತ್ತಿದ್ದರು, ಆದರೆ ಎಡಗೈಯಲ್ಲಿ ಹಣೆ ಒತ್ತಿಕೊಳ್ಳುತ್ತಿದ್ದರು. "ಎಲ್ಲಾ ತಿಂಡಿ ತಿಂದ್ರಾ?" ಎಂದು ಚಿಕ್ಕತ್ತೆ ಕೇಳಲಿಲ್ಲ. ಅವರಿಗೆ ಅದು ಗೊತ್ತಿರಲಿಲ್ಲ, ನಾನೂ ಹೇಳಿಕೊಟ್ಟಿರಲಿಲ್ಲ. ಮೀಟಿಂಗ್ ಮುಗಿಯುವವರೆಗೂ ಅದಕ್ಕೆ ಕಾಯುತ್ತಾ ಕೂತಿದ್ದೆ.

ಅವತ್ತೇ ಮಧ್ಯಾಹ್ನ ಊಟವಾದ ಮೇಲೆ ಚಿಕ್ಕತ್ತೆಗೆ ಜವಳಗಿರಿಯಿಂದ ಫೋನ್ ಬಂತು. ಹೊಲದ ಬೇಲಿ ಹತ್ತಿರ ಮೂರು ಆನೆ ಬಂದು ಹೋಗಿದ್ದವು. "ನಾನ್ ಇಲ್ದೇ ಇರೋದು ಅವುಕ್ಕೂ ಗೊತ್ತಾಗ್ಬುಟ್ಟದೆ. ಸೋಮ್ವಾರ ಹೋಯ್ತೀನಿ ಕಣಮ್ಮ," ಎಂದರು. ಅವರು ಅವರೆಕಾಳಿನ ಬುಟ್ಟಿ ಎಳೆದುಕೊಂಡು ಹಿತುಕುತ್ತಾ, ನನ್ನ ಕಡೆ ನೋಡದೆ ಕೇಳಿದರು.

"ಬರ್ಸ್ದಾಗ ನಮ್ಮಕ್ಕ ಏನಂತ ಹೇಳುದ್ಳು ಅದ್ರಲ್ಲಿ?"

"ಹಿತುಕಿದ ಬೇಳೆ ಸಾರು ಮಾಡೋದು."

"ಪೂರ್ತಿ?"

"ಇಲ್ಲ. ಹಿತುಕೋದ್ರಲ್ಲೇ ನಿಮಿಷ ಮುಗಿದುಹೋಯ್ತು. ಒಲೆನೇ ಹಚ್ಚಿಲ್ಲ ಅಂತ ಬೈಕೊಂಡ್ರು."

ಚಿಕ್ಕತ್ತೆ ಹೊಟ್ಟೆ ಹಿಡಿದುಕೊಂಡು ನಕ್ಕರು. "ಅವ್ಳು ಏನ್ ಕೆಲ್ಸ ತಗೊಂಡ್ರೂ ಹಂಗೇ. ಅರ್ಧ ಮಾಡಿ ನನ್ ಕೈಗ್ ಕೊಟ್ಟು ಹೋಗ್ಬುಡೋಳು." ನಕ್ಕು ನಕ್ಕು ಕಣ್ಣೊರೆಸಿಕೊಂಡು, ಹಿತುಕಿದ ಕಾಳಿನ ಬಟ್ಟಲನ್ನು ನನ್ನ ಕಡೆ ತಳ್ಳಿದರು. "ತಗಾ. ಮಿಕ್ಕಿದ್ದು ನಿಂದು. ಒಗ್ಗರಣೆಗೆ ಇಡು ಹೋಗು."

ಬಟ್ಟಲು ತೆಗೆದುಕೊಂಡು ಎದ್ದೆ. ಅಡುಗೆಮನೆಗೆ ಹೋಗಲಿಲ್ಲ. ಅದನ್ನು ಲ್ಯಾಪ್‌ಟಾಪಿನ ಪಕ್ಕದಲ್ಲಿಟ್ಟು ಕೂತೆ. ಪಕ್ಕದ ಮನೆಯ ಕೆಲಸದವರು ಊಟಕ್ಕೆ ಹೋಗಿದ್ದರು. ಆ ಬಟನ್ ಒತ್ತಿದಾಗ, ಹಳೆಯ ದನಿ ಅಳಿಸಿಹೋಗುತ್ತದೆ, ಪರವಾಗಿಲ್ಲವೇ ಎಂದು ಕೇಳಿತು. ಪರವಾಗಿದೆ, ಆದರೂ ಅಳಿಸು ಎಂದು ಒತ್ತುವ ಜಾಗ ಅಲ್ಲಿ ಇರಲಿಲ್ಲ. ಸರಿ ಎಂದು ಒತ್ತಿದೆ. ಒಂದು ನಿಮಿಷ ಮಾತಾಡಿ ಎಂದಿತು.

ನಾನು ಒಂದೇ ಸಮನೆ ಒಂದು ನಿಮಿಷ ಮಾತಾಡಿದ ನೆನಪು ನನಗಿಲ್ಲ. ಏನು ಹೇಳಬೇಕೆಂಬುದು ಮಾತ್ರ ಗೊತ್ತಿತ್ತು. ಹಿತುಕಿದ ಮೇಲೆ ಒಲೆ ಹಚ್ಚಬೇಕು ಎಂದೆ. ಕಾಳನ್ನು ಬೇಯಲು ಇಡಬೇಕು, ಜಾಸ್ತಿ ಬೆಂದರೆ ಕರಗಿಹೋಗುತ್ತದೆ. ಕೊತ್ತಂಬರಿ ಬೀಜ, ಚಕ್ಕೆ, ಲವಂಗ, ಬೆಳ್ಳುಳ್ಳಿ, ಒಣಮೆಣಸಿನಕಾಯಿ ಹುರಿಯಬೇಕು, ಕಾಯಿತುರಿ ಹಾಕಿ ನುಣ್ಣಗೆ ರುಬ್ಬಬೇಕು. ಮಿಕ್ಸಿ ಹಾಕುವುದಾದರೆ ಎಂಟೂವರೆಗೆ ಮೊದಲೇ ಹಾಕಿಬಿಡಬೇಕು. ಮಸಾಲೆ ಕುದಿಯುವಾಗ ಉಪ್ಪು. ಕೊನೆಗೆ ಎಣ್ಣೆ ಕಾಯಿಸಿ ಸಾಸಿವೆ, ಕರಿಬೇವು, ಈರುಳ್ಳಿ. ಒಗ್ಗರಣೆ ಚೊಂಯ್ ಅನ್ನಬೇಕು, ಅನ್ನದಿದ್ದರೆ ಎಣ್ಣೆ ಕಾದಿಲ್ಲ ಎಂದು ಅರ್ಥ. ಅಷ್ಟು ಹೇಳಿದರೂ ನಿಮಿಷ ಮುಗಿದಿರಲಿಲ್ಲ. ಇನ್ನೂ ಹೊತ್ತಿತ್ತು. ಬೆಕ್ಕು ಎರಡು ತಿಂಗಳಿಂದ ಸರಿಯಾಗಿ ಹಾಲು ಕುಡಿಯುತ್ತಿಲ್ಲ ಅತ್ತೆ ಎಂದೆ. ಮೇಡಂ ಬೆಳಗ್ಗೆ ತಿಂಡಿ ತಿಂದೇ ಬರುತ್ತಾರೆ ಎಂದೆ. ಟಿಂಗ್ ಎಂದಿತು.

ಬಾಗಿಲಲ್ಲಿ ಚಿಕ್ಕತ್ತೆ ನಿಂತಿದ್ದರು. "ಇಷ್ಟು ಮಾತು ಬತ್ತದಾ ನಿಂಗೆ?" ಎಂದರು.

ಸೋಮವಾರ ಬೆಳಗ್ಗೆ ಕಲ್ಲಿನ ಯಂತ್ರ ಎಂದಿನಂತೆ ಕಿರುಚುತ್ತಿತ್ತು. ನನ್ನ ಸರದಿ ಬಂದಾಗ ಓದಿದೆ, ಕೆಂಪು ಎಪ್ಪತ್ತೆರಡು ಕಟ್ಟು. ಮೇಡಂ ತಲೆಯೆತ್ತಿ ನೋಡಿದರು. "ಕೇಳ್ತಾ ಇದೆ. ಚೆನ್ನಾಗಿ ಕೇಳ್ತಾ ಇದೆ. ಮುಂದೆ ಹೇಳಿಮ್ಮಾ," ಎಂದರು. ಹದಿನೆಂಟು ತೋಟವನ್ನೂ ಹೇಳಿ ಮುಗಿಸಿದೆ. ನನ್ನ ಹಿಂದೆ, ಊರಿಗೆ ಹೊರಟು ನಿಂತಿದ್ದ ಚಿಕ್ಕತ್ತೆ, ನಾನೂ ಒಂದು ಮಾತು ಹೇಳಿ ಹೋಗ್ತೀನಿ ಎಂದು ಕೈ ಬೀಸಿ ಬೀಸಿ ಕೂಗುತ್ತಿದ್ದರು. ಅವರು ಕೂಗುವುದು ಎಲ್ಲರಿಗೂ ಕಾಣುತ್ತಿತ್ತು, ಒಬ್ಬರಿಗೂ ಕೇಳಿಸುತ್ತಿರಲಿಲ್ಲ. ಆನೆ ಓಡಿಸುವ ಗಂಟಲು ಮೊದಲ ಸಲ ಸೋತಿತ್ತು. "ಏನೇ ಇದು, ನನ್ನೂ ತೆಗ್ದಾಕ್ಬುಟ್ಯಾ?" ಎಂದು ನನ್ನ ಭುಜ ಹಿಡಿದು ಅಲ್ಲಾಡಿಸಿದರು.

ಸಾಫ್ಟ್‌ವೇರ್ ಆಫ್ ಮಾಡಿದೆ. ಕಲ್ಲಿನ ಕಿರುಚಾಟ, ಹಸು, ಬಸ್ಸಿನ ಹಾರನ್, ಚಿಕ್ಕತ್ತೆ, ಎಲ್ಲ ಒಟ್ಟಿಗೆ ಮೀಟಿಂಗಿಗೆ ನುಗ್ಗಿದವು. ಮೇಡಂ ಕಿವಿ ಮುಚ್ಚಿಕೊಂಡು ನಕ್ಕರು. ಚಿಕ್ಕತ್ತೆ ಎಲ್ಲರಿಗೂ ಕೈ ಮುಗಿದು, ಹಳದಿ ಹೂವ ಬ್ಯಾಡ ಎಂದು ಇನ್ನೊಮ್ಮೆ ಹೇಳಿ, ಬ್ಯಾಗು ಎತ್ತಿಕೊಂಡರು. ನಾನು ಅವ್ಯಾವನ್ನೂ ತಡೆಯದೆ, ಗದ್ದಲದಲ್ಲಿ ಎಷ್ಟು ಕೇಳಿಸುತ್ತದೋ ಅಷ್ಟು ಕೇಳಿಸಲಿ ಎಂದು ಪರದೆಯ ಹತ್ತಿರ ಬಾಗಿ ಕೂಗಿದೆ.

"ಎಲ್ಲಾ ತಿಂಡಿ ತಿಂದ್ರಾ?"

ಮೇಡಂ ಇಡ್ಲಿ ತಟ್ಟೆ ಎತ್ತಿ ತೋರಿಸಿದರು.